ಒಂದು ನಿಮಿಷದ ಬಿದ್ರಿ ವಿಡಿಯೋಕ್ಕೆ ಮೂರು ವಾರ

"ಸ್ಕ್ರೀನ್ ಮ್ಯಾಲ ಭಾಳ ಛಂದ ಕಾಣ್ಲತ್ತದ. ಇದನ್ನೇ ಪೆನ್‌ಡ್ರೈವಿನಾಗ ಹಾಕಿ ಕೊಡು ಬೇಟಾ" ಅಂದರು ಚಾಚಾ. "ಸಂಜೀಕ ಕೊಡ್ತೀನ್ರಿ" ಅಂದುಬಿಟ್ಟೆ. ಆ ಸಂಜೆ ಬರಲು ಮೂರು ವಾರ ಹಿಡಿಯಿತು.

ಬೀದರಿನ ಹಳೇ ಊರಿನಲ್ಲಿ, ಚೌಬಾರಾದ ಗೋಪುರ ಕಾಣುವಷ್ಟು ಹತ್ತಿರದಲ್ಲಿ, ನಮ್ಮದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಎರಡು ಗಲ್ಲಿ ದಾಟಿದರೆ, ಕಪ್ಪು ಲೋಹದ ಮೈಗೆ ಬೆಳ್ಳಿ ತಂತಿ ಕೂಡಿಸುವ ಚಾಚಾನ ಬಿದ್ರಿ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದು ಉದ್ದನೆ ಕೋಣೆ, ಮೂಲೆಯಲ್ಲಿ ಭಟ್ಟಿ, ಗೋಡೆಗೆ ಬೆನ್ನು ಕೊಟ್ಟು ಮೂರು ಜನ ಕೂತು ಕೆತ್ತುವಷ್ಟು ಜಾಗ. ಅವರ ಬಿಲ್ಲು, ಅರ್ಜಿ, ಬೆಲೆಚೀಟಿ ಎಲ್ಲ ನಮ್ಮ ಅಂಗಡಿಯಲ್ಲೇ ಆಗುತ್ತವೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಸಿ ಪ್ಲಸ್ ಪ್ಲಸ್ ಮತ್ತು ಗ್ರಾಫಿಕ್ಸ್ ಬಿಡಿಸುವ ಓಪನ್‌ಜಿಎಲ್ ಹಿಡಿದು ಕೂಡುತ್ತೇನೆ. ಹಾಗೆ ಕೂತು ಕೂತು ಒಂದು ಪ್ರೋಗ್ರಾಮ್ ಆಗಿತ್ತು: ಕಪ್ಪು ಸುರಾಹಿಯ (ಉದ್ದ ಕುತ್ತಿಗೆಯ ಹೂಜಿ) ಮೈಮೇಲೆ ಬೆಳ್ಳಿ ಬಳ್ಳಿಯೊಂದು ಹುಟ್ಟಿ, ಕವಲೊಡೆದು, ಎಲೆ ಬಿಡುತ್ತ ಕುತ್ತಿಗೆಯ ತನಕ ಏರುತ್ತದೆ. ಬಳ್ಳಿ ಎಂದರೆ ಒಂದಕ್ಕೊಂದು ಜೋಡಿಸಿದ ಬೆಜಿಯರ್ ಎಂಬ ಬಾಗು ಗೆರೆಗಳು, ಅಷ್ಟೇ. ಹೈದರಾಬಾದಿನ ಒಂದು ಪ್ರದರ್ಶನದಲ್ಲಿ ಚಾಚಾನಿಗೆ ಸ್ಟಾಲ್ ಸಿಕ್ಕಿತ್ತು, ಅಲ್ಲಿ 32 ಇಂಚಿನ ಟಿವಿ ಇಡುವವರಿದ್ದರು. ಟಿವಿಯಲ್ಲಿ ಈ ಬಳ್ಳಿ ಓಡಬೇಕು ಅನ್ನುವುದು ಅವರ ಆಸೆ.

ಮೊದಲ ದಿನ ಮಾಡಿದ ಕೆಲಸ ಹೇಳಲು ನಾಚಿಕೆ. ಲ್ಯಾಪ್‌ಟಾಪಿನ ಮುಂದೆ ಫೋನ್ ನಿಲ್ಲಿಸಿ ಶೂಟ್ ಮಾಡಿದೆ. ಸ್ಕ್ರೀನಿನ ಚುಕ್ಕೆ ಜಾಲಕ್ಕೂ ಕ್ಯಾಮೆರಾದ ಚುಕ್ಕೆ ಜಾಲಕ್ಕೂ ಜಗಳವಾಗಿ ಸುರಾಹಿಯ ಮೇಲೆಲ್ಲ ರೇಷ್ಮೆ ಸೀರೆಯ ಅಲೆಗಳಂಥ ಗೆರೆಗಳು ಮೂಡಿದವು. ಸಾಲದ್ದಕ್ಕೆ ಬೆಳಕಿನ ಅಡ್ಡಪಟ್ಟಿಗಳು ಮೇಲಿಂದ ಕೆಳಗೆ ಇಳಿಯುತ್ತಿದ್ದವು. ಅದನ್ನು ಅಲ್ಲೇ ಅಳಿಸಿದೆ. ಎರಡನೇ ದಿನ ಒಬಿಎಸ್ ಹಾಕಿ ಸ್ಕ್ರೀನ್ ರೆಕಾರ್ಡಿಂಗ್. ಒಬಿಎಸ್ ಒಳ್ಳೆಯ ಸಾಫ್ಟ್‌ವೇರೇ, ತಪ್ಪು ನನ್ನ ಲ್ಯಾಪ್‌ಟಾಪಿನದು. ಹಳೇ ಐ3, 4 ಜಿಬಿ ರ‍್ಯಾಮ್. ಬಳ್ಳಿ ಬಿಡಿಸುವುದು ಒಂದು ಹೊರೆ, ಬಿಡಿಸಿದ್ದನ್ನು ಅದೇ ಹೊತ್ತಿಗೆ ಕುಗ್ಗಿಸಿ ಬರೆಯುವುದು ಇನ್ನೊಂದು ಹೊರೆ. ಎರಡನ್ನೂ ಹೊರಿಸಿದರೆ ಎತ್ತು ಕುಂಟುತ್ತದೆ. ಬಳ್ಳಿ ತುಸು ಬೆಳೆದು ನಿಂತು, ಆಮೇಲೆ ಜಿಗಿದು, ಮತ್ತೆ ನಿಲ್ಲುತ್ತಿತ್ತು. ಚಾಚಾ ನೋಡಿ, "ಬಳ್ಳಿಗಿ ಬಿಕ್ಕಳಿಕಿ ಬಂದದೇನು?" ಅಂದರು.

ಹಾಗಾದರೆ ಪ್ರೋಗ್ರಾಮೇ ಪ್ರತಿ ಫ್ರೇಮನ್ನು, ಅಂದರೆ ಒಂದೊಂದು ಬಿಡಿ ಚಿತ್ರವನ್ನು, ಫೈಲಿಗೆ ಬರೆಯಲಿ ಎಂದು ಕೂತೆ. ಜಿಎಲ್ ರೀಡ್‌ಪಿಕ್ಸೆಲ್ಸ್ ಅನ್ನುವ ಕರೆ ಇದೆ. ಬಿಡಿಸಿದ ಚಿತ್ರವನ್ನು ಗ್ರಾಫಿಕ್ಸ್ ಕಡೆಯಿಂದ ಮೆಮೊರಿಗೆ ತಂದುಕೊಡುತ್ತದೆ. ತಂದು ಪಿಎನ್‌ಜಿ ಮಾಡಿ ಉಳಿಸಿದೆ. ಉಳಿಸುವುದಕ್ಕೆ ಹೊತ್ತು ಹಿಡಿದು ವೇಗ ಸೆಕೆಂಡಿಗೆ 9 ಫ್ರೇಮಿಗೆ ಇಳಿಯಿತು. ಇಳಿದರೆ ಇಳಿಯಲಿ, ಎಲ್ಲ ಫ್ರೇಮೂ ಸಿಕ್ಕಿತಲ್ಲ ಅಂದುಕೊಂಡು ಜೋಡಿಸಿ 30ರ ವೇಗದಲ್ಲಿ ಓಡಿಸಿದರೆ, ಒಂದು ನಿಮಿಷದ ಬಳ್ಳಿ 18 ಸೆಕೆಂಡಿನಲ್ಲಿ ಹುಚ್ಚು ಹಿಡಿದಂತೆ ಬೆಳೆದು ಮುಗಿಯಿತು. 60 ಸೆಕೆಂಡು ಇಂಟು 9, ಅಂದರೆ 540 ಫ್ರೇಮು. ಅದನ್ನು 30ರಿಂದ ಭಾಗಿಸಿದರೆ 18. ಲೆಕ್ಕ ಸರಿಯಾಗೇ ಇತ್ತು, ನನ್ನ ತಲೆ ಸರಿ ಇರಲಿಲ್ಲ.

ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ಬಳ್ಳಿ ಈಗ ಎಷ್ಟು ಬೆಳೆದಿರಬೇಕು ಎಂದು ತಿಳಿಯಲು ನನ್ನ ಪ್ರೋಗ್ರಾಮ್ ಗಡಿಯಾರ ನೋಡುತ್ತಿತ್ತು. ಜನ ಕೂತು ನೋಡುವಾಗ ಅದು ಸರಿ. ರೆಕಾರ್ಡ್ ಮಾಡುವಾಗ ಗೋಡೆ ಗಡಿಯಾರದ ಹಂಗೇ ಇರಬಾರದು. ಗಡಿಯಾರ ತೆಗೆದು, ಕಾಲ ಎಂದರೆ ಫ್ರೇಮಿನ ಸಂಖ್ಯೆಯನ್ನು 30ರಿಂದ ಭಾಗಿಸಿದ್ದು ಎಂದು ಬರೆದೆ. ಈಗ 45ನೇ ಫ್ರೇಮು ಅಂದರೆ ಒಂದೂವರೆ ಸೆಕೆಂಡು. ಆ ಫ್ರೇಮು ತಯಾರಾಗಲು ಒಂದು ಗಳಿಗೆ ಹಿಡಿಯಲಿ, ಅರ್ಧ ತಾಸು ಹಿಡಿಯಲಿ, ಬಳ್ಳಿಗೆ ಗೊತ್ತೇ ಆಗುವುದಿಲ್ಲ. ಇದಾದ ಮೇಲೆ ಲ್ಯಾಪ್‌ಟಾಪಿನ ವೇಗದ ಬಗ್ಗೆ ಕೊರಗುವುದನ್ನು ಬಿಟ್ಟೆ. ಎರಡು ಪಿಕ್ಸೆಲ್ ಬಫರ್ ಇಟ್ಟು, ಒಂದನ್ನು ಓದುವಾಗ ಇನ್ನೊಂದನ್ನು ತುಂಬಿಸಿ ವೇಗ ಹೆಚ್ಚಿಸುವ ಉಪಾಯವೂ ಇದೆ. ಆಟವನ್ನು ಆಡುತ್ತಲೇ ರೆಕಾರ್ಡ್ ಮಾಡುವವರಿಗೆ ಅದು ಬೇಕು. ನನಗೆ ಅವಸರವೇ ಇರಲಿಲ್ಲ, ಹಾಗಾಗಿ ಅದರ ಗೋಜಿಗೆ ಹೋಗಲಿಲ್ಲ.

ಅಷ್ಟರಲ್ಲಿ ಇನ್ನೊಂದು ರಗಳೆ. ಬಿಕ್ಕಳಿಕೆ ನಿಂತ ವಿಡಿಯೋ ತೋರಿಸಿದರೆ ಚಾಚಾ ಮುಖ ಗಂಟಿಕ್ಕಿದರು. "ಅವತ್ತಿನ ಬಳ್ಳಿ ಇದಲ್ಲ. ಅದರಾಗ ಎಡಗಡೆ ಒಂದು ಕವಲು ಕೆಳಗ ಬಾಗಿತ್ತು. ಅದೇ ಬೇಕು." ಕವಲು ಎತ್ತ ಬಾಗಬೇಕು ಎನ್ನುವುದನ್ನು ನಾನು ಯಾದೃಚ್ಛಿಕ ಸಂಖ್ಯೆಗೆ ಬಿಟ್ಟಿದ್ದೆ, ಆ ಸಂಖ್ಯೆಗಳ ಬೀಜ ಪ್ರೋಗ್ರಾಮ್ ಶುರುವಾದ ಹೊತ್ತು. ಓಡಿಸಿದಷ್ಟು ಸಲ ಹೊಸ ಬಳ್ಳಿ. ಚಾಚಾ ಮೆಚ್ಚಿದ ಬಳ್ಳಿ ಯಾವ ಸೆಕೆಂಡಿನಲ್ಲಿ ಹುಟ್ಟಿತ್ತೋ ದೇವರಿಗೇ ಗೊತ್ತು. ಬೀಜವನ್ನು ಕೈಯಾರೆ ಕೊಡುವಂತೆ ಮಾಡಿ, 1ರಿಂದ 200ರ ತನಕ ಒಂದೊಂದು ಬೀಜಕ್ಕೂ ಕೊನೆಯ ಫ್ರೇಮನ್ನು ಮಾತ್ರ ಸಣ್ಣ ಚಿತ್ರವಾಗಿ ತೆಗೆದು, ಎ4 ಹಾಳೆಗೆ 20ರಂತೆ ಪ್ರಿಂಟ್ ಹೊಡೆದು ಅವರ ಮುಂದಿಟ್ಟೆ. ಹತ್ತು ಹಾಳೆ. ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು, ಚಹಾ ಕುಡಿಯುವಷ್ಟು ಹೊತ್ತಿನಲ್ಲಿ 137ಕ್ಕೆ ಸುತ್ತು ಹಾಕಿದರು. ಇಡೀ ಮೂರು ವಾರದಲ್ಲಿ ಒಂದೇ ಸಲಕ್ಕೆ ಮುಗಿದ ಕೆಲಸ ಇದೊಂದೇ.

ಪಿಎನ್‌ಜಿ ಗುಡ್ಡೆ ಹಾಕುವುದು ಬೇಸರವಾಗಿತ್ತು. ಫ್ರೇಮುಗಳನ್ನು ಡಿಸ್ಕಿಗೆ ಬರೆಯದೆ ನೇರವಾಗಿ, ವಿಡಿಯೋ ಕಟ್ಟಿಕೊಡುವ ಪ್ರೋಗ್ರಾಮಾದ ಎಫ್‌ಎಫ್‌ಎಂಪೆಗ್‌ನ ಬಾಯಿಗೆ ಸುರಿಯಬಹುದು. ಪೋಪನ್ ಎಂಬ ಕರೆಯಿಂದ ಅದನ್ನು ಶುರು ಮಾಡಿ, "ಬರುವುದು ಕಚ್ಚಾ ವಿಡಿಯೋ, ಪಿಕ್ಸೆಲ್ಲಿಗೆ ಮೂರು ಬೈಟು, ಅಳತೆ ಇಷ್ಟು, ಸೆಕೆಂಡಿಗೆ 30" ಎಂದು ಹೇಳಿದರೆ ಸಾಕು. ಆಮೇಲೆ ಫ್ರೇಮಿನ ಬೈಟುಗಳನ್ನು ಒಂದರ ಹಿಂದೆ ಒಂದು ಕೊಳವೆಗೆ ತಳ್ಳುತ್ತ ಹೋಗುವುದು. ಮೊದಲ ಸಲ ಸುರಾಹಿ ತಲೆಕೆಳಗಾಗಿ ಬಂತು. ಓಪನ್‌ಜಿಎಲ್ ಕೆಳಗಿನ ಸಾಲಿನಿಂದ ಎಣಿಸುತ್ತದೆ, ವಿಡಿಯೋ ಮೇಲಿನಿಂದ. ವಿಫ್ಲಿಪ್ ಫಿಲ್ಟರ್ ಹಾಕಿದೆ, ನೇರವಾಯಿತು. ನೇರವಾಗಿದ್ದೇನೋ ಹೌದು, ಆದರೆ ಸುರಾಹಿ ಬಲಕ್ಕೆ ವಾಲಿಕೊಂಡಿತ್ತು.

ವಾಲಿಕೆ ಅಂದರೆ ಸಣ್ಣದಲ್ಲ. ಬುಡ ಸರಿಯಾದ ಜಾಗದಲ್ಲಿ, ಮೇಲೆ ಹೋದಂತೆ ಬಲಕ್ಕೆ ಜಾರಿ, ತುದಿ ಮೂರನೇ ಒಂದು ಭಾಗದಷ್ಟು ಸ್ಕ್ರೀನ್ ಆಚೆ. ಬೆಳ್ಳಿ ಗೆರೆಗಳ ಅಂಚಿನಲ್ಲಿ ಕೆಂಪು, ಹಸಿರು, ನೀಲಿ ನೂಲುಗಳು. ನನ್ನ ಲ್ಯಾಪ್‌ಟಾಪಿನ ಸ್ಕ್ರೀನು 1366 ಇಂಟು 768. ಗುಟ್ಟು ಇರುವುದು ಆ 1366ರಲ್ಲಿ. ಕೆಂಪು, ಹಸಿರು, ನೀಲಿಗೆ ಒಂದೊಂದು, ಹೀಗೆ ಪಿಕ್ಸೆಲ್ಲಿಗೆ ಮೂರು ಬೈಟಿನಂತೆ ಒಂದು ಸಾಲಿಗೆ 4098 ಬೈಟು. ಓಪನ್‌ಜಿಎಲ್ ಏನೂ ಹೇಳದಿದ್ದರೆ ಪ್ರತಿ ಸಾಲನ್ನೂ ನಾಲ್ಕರ ಮಗ್ಗಿಗೆ ಕೂಡಿಸುತ್ತದೆ. 4098 ನಾಲ್ಕರ ಮಗ್ಗಿಯಲ್ಲಿ ಇಲ್ಲ, 4100 ಇದೆ. ಹಾಗಾಗಿ ಪ್ರತಿ ಸಾಲಿನ ಕೊನೆಗೆ ಎರಡು ಬೈಟು ಹೊಟ್ಟು. ಎಫ್‌ಎಫ್‌ಎಂಪೆಗ್‌ಗೆ ಹೊಟ್ಟಿನ ಸುದ್ದಿ ಗೊತ್ತಿಲ್ಲ, ಅದು 4098 ಎಣಿಸಿ ಮುಂದಿನ ಸಾಲು ಶುರು ಮಾಡುತ್ತದೆ. ಸಾಲಿಗೆ ಎರಡು ಬೈಟಿನಂತೆ 768 ಸಾಲು ಏರಿದರೆ 1536 ಬೈಟು, ಅಂದರೆ 512 ಪಿಕ್ಸೆಲ್ಲು ಬಲಕ್ಕೆ. ಮೂರು ಬೈಟಿನ ಗುಂಪು ಎರಡೆರಡೇ ಸರಿದರೆ ಕೆಂಪಿನ ಜಾಗಕ್ಕೆ ಒಂದು ಸಾಲಿನಲ್ಲಿ ಹಸಿರು, ಇನ್ನೊಂದರಲ್ಲಿ ನೀಲಿ ಬಂದು ಕೂಡುತ್ತದೆ. ಆ ಬಣ್ಣದ ನೂಲುಗಳು ಬಂದದ್ದು ಹಾಗೆ. ಇನ್ನೊಂದು ಕೇಡೂ ಇತ್ತು: ಹೊಟ್ಟಿನ ಲೆಕ್ಕ ಹಿಡಿಯದೆ ಮೆಮೊರಿ ತೆಗೆದುಕೊಂಡಿದ್ದರಿಂದ ಪ್ರತಿ ಫ್ರೇಮಿಗೂ ಒಂದೂವರೆ ಕೆಬಿಯಷ್ಟು ಬೇರೆಯವರ ಜಾಗದಲ್ಲಿ ಬರೆಯುತ್ತಿದ್ದೆ. ಒಮ್ಮೊಮ್ಮೆ ಪ್ರೋಗ್ರಾಮ್ ಸುಮ್ಮಸುಮ್ಮನೆ ಸಾಯುತ್ತಿದ್ದದ್ದು ಯಾಕೆ ಅಂತ ಅವತ್ತು ತಿಳಿಯಿತು. ಪ್ಯಾಕ್ ಅಲೈನ್‌ಮೆಂಟ್ ಅನ್ನುವುದನ್ನು ನಾಲ್ಕರಿಂದ ಒಂದಕ್ಕೆ ಇಳಿಸಿದೆ. ಸುರಾಹಿ ಎದ್ದು ನಿಂತಿತು.

ಟಿವಿ 1920 ಇಂಟು 1080. 1366ರ ಚಿತ್ರವನ್ನು ಅಷ್ಟಕ್ಕೆ ಎಳೆದರೆ ತಂತಿ ಮೆತ್ತಗಾಗುತ್ತದೆ. ಆದರೆ ಸ್ಕ್ರೀನಿಗಿಂತ ದೊಡ್ಡ ವಿಂಡೋ ತೆರೆದು ಓದಿದರೆ ಹೊರಗೆ ಉಳಿದ ಪಿಕ್ಸೆಲ್ಲುಗಳಲ್ಲಿ ಏನಿರುತ್ತದೆ ಎನ್ನುವ ಖಾತ್ರಿಯನ್ನು ಓಪನ್‌ಜಿಎಲ್ ಕೊಡುವುದಿಲ್ಲ. ಅದಕ್ಕೆ ಫ್ರೇಮ್‌ಬಫರ್ ಆಬ್ಜೆಕ್ಟ್ ಬೇಕು, ವಿಂಡೋದ ಹಂಗಿಲ್ಲದ ಹಲಗೆ. ಅದರಲ್ಲಿ 1920 ಇಂಟು 1080 ಬಿಡಿಸಿ ಅಲ್ಲಿಂದಲೇ ಓದುವುದು. ಗೆರೆಯ ಅಂಚು ನಯವಾಗಲಿ ಎಂದು ಮಲ್ಟಿಸ್ಯಾಂಪಲ್ ಹಾಕಿದೆ. ಬಂದ ವಿಡಿಯೋ ಪೂರ್ತಿ ಕಪ್ಪು. ಬಿದ್ರಿಯ ವಿಡಿಯೋ ಅಲ್ಲವೇ, ಶುರುವಿಗೆ ಕಪ್ಪಿರುತ್ತದೆ ಎಂದು ಅರ್ಧ ನಿಮಿಷ ಕಾದೆ! ಮಲ್ಟಿಸ್ಯಾಂಪಲ್ ಹಲಗೆಯಿಂದ ನೇರ ಓದಲು ಬರುವುದಿಲ್ಲ. ಮೊದಲು ಸಾದಾ ಹಲಗೆಗೆ ಬ್ಲಿಟ್ ಮಾಡಿ, ಅಂದರೆ ನಕಲಿಳಿಸಿ, ಆಮೇಲೆ ಓದಬೇಕು. ಎರರ್ ಕೋಡ್ ಕೇಳಿದ್ದರೆ ಅದೇ ಹೇಳುತ್ತಿತ್ತು. ನಾನು ಕೇಳಿರಲಿಲ್ಲ.

ಎಲ್ಲ ಸರಿಯಾಯಿತು ಎಂದು ಒಂದು ರಾತ್ರಿ ಪೂರಾ ರೆಕಾರ್ಡಿಂಗ್ ಹಚ್ಚಿದೆ. 1800 ಫ್ರೇಮಿಗೆ ನಲವತ್ತು ನಿಮಿಷದ ಅಂದಾಜು. ಮೂವತ್ತನೇ ನಿಮಿಷಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ, ಅದೂ ಆರಿತು. ಕರೆಂಟ್ ಬಂದ ಮೇಲೆ ನೋಡಿದರೆ ಫೈಲು ಇದೆ, ಗಾತ್ರವೂ ಇದೆ, ತೆರೆಯುವುದಿಲ್ಲ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮು ಎಲ್ಲಿದೆ ಎನ್ನುವ ಖಾತೆಪುಸ್ತಕವನ್ನು ಎಲ್ಲಕ್ಕಿಂತ ಕೊನೆಗೆ ಬರೆಯುತ್ತಾರೆ. ಮೂವ್ ಆಟಮ್ ಅಂತ ಅದಕ್ಕೆ ಹೆಸರು. ಅದು ಇಲ್ಲದಿದ್ದರೆ ಒಳಗಿರುವ ಅಷ್ಟೂ ಫ್ರೇಮು ಇದ್ದೂ ಇಲ್ಲದಂತೆ. ಎಂಕೆವಿ ಹಾಗಲ್ಲ, ಬರೆದಷ್ಟು ಬರೆದಷ್ಟೇ ಓದಲು ಬರುತ್ತದೆ. ಅಂದಿನಿಂದ ರೆಕಾರ್ಡಿಂಗ್ ಎಂಕೆವಿಗೆ. ಮುಗಿದ ಮೇಲೆ ಅದನ್ನು ಮರುಕುಗ್ಗಿಸದೆ, ಇದ್ದದ್ದನ್ನು ಇದ್ದಂತೆ ಎಂಪಿ4ಗೆ ದಾಟಿಸುವುದು. ಎರಡು ಸೆಕೆಂಡಿನ ಕೆಲಸ. ನಮ್ಮ ಕಡೆ ಬ್ಯಾಸಿಗೆಯಲ್ಲಿ ರೆಕಾರ್ಡ್ ಮಾಡುವವರು ಮೊದಲು ಇದನ್ನು ಕಲಿಯಬೇಕು. ನಾನು ಕೊನೆಗೆ ಕಲಿತೆ.

ಯುಪಿಎಸ್ ಇರುವುದು ಅಂಗಡಿಯ ಡೆಸ್ಕ್‌ಟಾಪಿಗೆ. ಮರುದಿನ ಪ್ರೋಗ್ರಾಮನ್ನು ಅಲ್ಲಿಗೆ ಸಾಗಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್, ಅಂಗಡಿಯದರಲ್ಲಿ ವಿಂಡೋಸ್; 'ನುಡಿ' ಎಂಬ ಕನ್ನಡ ತಂತ್ರಾಂಶ ಇಲ್ಲದೆ ಡಿಟಿಪಿ ನಡೆಯುವುದಿಲ್ಲ. ಪೋಪನ್ ಅನ್ನು ವಿಂಡೋಸಿನ ಅಂಡರ್‌ಸ್ಕೋರ್ ಪೋಪನ್ ಮಾಡಿ ಕಂಪೈಲ್ ಮಾಡಿದೆ, ಓಡಿತು. ವಿಡಿಯೋ ತೆರೆದರೆ ಮತ್ತೆ ವಾಲಿಕೆ. ಈ ಸಲ ಬುಡವೂ ಸರಿ ಇಲ್ಲ. ಚಿತ್ರ ಚಿಂದಿಯಾಗಿ, ಫ್ರೇಮಿನಿಂದ ಫ್ರೇಮಿಗೆ ಹೊಳೆಯ ಹಾಗೆ ಹರಿಯುತ್ತಿತ್ತು.

ಹಳೇ ಕಳ್ಳನೇ ಎಂದುಕೊಂಡು ಪ್ಯಾಕ್ ಅಲೈನ್‌ಮೆಂಟ್ ಹಿಡಿದು ಒಂದು ಇಡೀ ಸಂಜೆ ಕಳೆದೆ. ಒಂದಿತ್ತು, ನಾಲ್ಕು ಮಾಡಿದೆ, ಎಂಟು ಮಾಡಿದೆ, ಮತ್ತೆ ಒಂದು. ಏನೂ ಬದಲಾಗಲಿಲ್ಲ. ಬದಲಾಗುವುದೂ ಇಲ್ಲ, 1920 ಇಂಟು 3 ಅಂದರೆ 5760, ನಾಲ್ಕಕ್ಕೂ ಎಂಟಕ್ಕೂ ಸರಿಯಾಗಿ ಭಾಗವಾಗುತ್ತದೆ, ಹೊಟ್ಟಿಗೆ ಜಾಗವೇ ಇಲ್ಲ. ಇದು ಬಾಯಿಲೆಕ್ಕಕ್ಕೆ ಸಿಗುವ ಮಾತು. ಆದರೂ ಹೊಳೆಯಲಿಲ್ಲ.

ದಾರಿ ತೋರಿಸಿದ್ದು ಎಫ್‌ಎಫ್‌ಎಂಪೆಗ್ ಕೊನೆಗೆ ಬರೆಯುವ ಒಂದು ಸಾಲು. ನಾನು ಕಳಿಸಿದ್ದು 1800 ಫ್ರೇಮು. ಅದು ಎಣಿಸಿದ್ದು 2304. ಕಡಿಮೆ ಬಂದಿದ್ದರೆ ಎಲ್ಲೋ ಸೋರಿತು ಅನ್ನಬಹುದು. ಹೆಚ್ಚು ಹೇಗೆ ಬಂತು? ಕೊಳವೆಯ ನಡುವೆ ಯಾರೋ ನೀರು ಬೆರೆಸುತ್ತಿದ್ದಾರೆ. ಸಣ್ಣದೊಂದು ಪ್ರಯೋಗ ಮಾಡಿದೆ. ಬರೀ ಬಿಳಿ ಫ್ರೇಮು ನೂರು ಕಳಿಸಿದೆ, ನೂರೇ ಎಣಿಸಿತು. ಬರೀ ಸೊನ್ನೆ ಕಪ್ಪು ನೂರು, ಅದೂ ನೂರೇ. ನನ್ನ ಬಿದ್ರಿ ಕಪ್ಪು ನೂರು ಕಳಿಸಿದೆ. 166.

ನನ್ನ ಬಿದ್ರಿ ಕಪ್ಪು ಅಂದರೆ ಕೆಂಪು 10, ಹಸಿರು 10, ನೀಲಿ 12. ಪೂರ್ತಿ ಸೊನ್ನೆ ಇಟ್ಟರೆ ಹೆಂಚಿಗೆ ಮಸಿ ಬಳಿದಂತೆ ಕಾಣುತ್ತದೆ ಎಂದು, ಚಾಚಾನ ಹೂಜಿಯನ್ನು ಕಿಟಕಿ ಪಕ್ಕ ಇಟ್ಟು ನೋಡಿ ಆರಿಸಿದ ಬಣ್ಣ. ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ 10 ಅಂದರೆ ಹೊಸ ಸಾಲು. ವಿಂಡೋಸಿನಲ್ಲಿ ಕೊಳವೆಯನ್ನು ಪಠ್ಯ ರೀತಿಯಲ್ಲಿ ತೆರೆದರೆ, ಹೊಸ ಸಾಲಿನ ಗುರುತು ಬಂದಾಗಲೆಲ್ಲ ಅದಕ್ಕಿಂತ ಮೊದಲು 13 ಎಂಬ ಇನ್ನೊಂದು ಗುರುತನ್ನು ಅದು ತಾನಾಗಿ ಸೇರಿಸುತ್ತದೆ. ನನ್ನ ಕಪ್ಪಿನ ಒಂದೊಂದು ಪಿಕ್ಸೆಲ್ಲಿನಲ್ಲೂ ಎರಡು ಹತ್ತು. ಮೂರು ಬೈಟು ಐದಾಗುತ್ತಿತ್ತು. ನೂರಕ್ಕೆ 166 ಪೂರಾ, ಮೇಲೊಂದಿಷ್ಟು ಚೂರು. ವಿಂಡೋಸ್ ಅಷ್ಟೂ ಹೊತ್ತು ನನ್ನ ಸುರಾಹಿಯನ್ನು ಕಾಗದದ ಹಾಗೆ ಓದಿ ಸಾಲು ಮುರಿಯುತ್ತ ಕೂತಿತ್ತು. 11ನ್ನು ಆರಿಸಿಕೊಂಡಿದ್ದರೆ ಬೆಳ್ಳಿಯಂಚಿನಲ್ಲಿ ಎಲ್ಲೋ ಒಂದು ಹತ್ತು ಬಂದಾಗಲಷ್ಟೇ ಅಲ್ಲಿಂದ ಮುಂದಿನದ್ದೆಲ್ಲ ಸರಿದು, ಕಾರಣವೇ ತಿಳಿಯದೆ ತಿಂಗಳುಗಟ್ಟಲೆ ಪರದಾಡುತ್ತಿದ್ದೆ.

ಔಷಧಿ ಒಂದೇ ಅಕ್ಷರ. ಡಬ್ಲ್ಯೂ ಎಂದು ತೆರೆಯುತ್ತಿದ್ದುದನ್ನು ಡಬ್ಲ್ಯೂಬಿ ಎಂದು ತೆರೆಯಬೇಕು. ಸಂತೋಷಕ್ಕೆ ಅದೇ ಕೋಡನ್ನು ಲಿನಕ್ಸಿಗೂ ಒಯ್ದೆ, ಅಲ್ಲಿ ಕೊಳವೆ ತೆರೆಯುವುದೇ ಇಲ್ಲ ಅಂತು. ಅಲ್ಲಿಯ ಪೋಪನ್‌ಗೆ ಬಿ ಅಂದರೆ ಆಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಸಾಲು ಬರೆದು ಕೈ ತೊಳೆದುಕೊಂಡೆ. ಡೆಸ್ಕ್‌ಟಾಪಿನಲ್ಲಿ ಪೂರಾ ರೆಕಾರ್ಡಿಂಗಿಗೆ 11 ನಿಮಿಷ ಹಿಡಿಯಿತು.

ಪೆನ್‌ಡ್ರೈವ್ ಹಿಡಿದು ಚಾಚಾನ ಮನೆಗೆ ಹೋದೆ. ಫೈಲ್ ಸಪೋರ್ಟ್ ಇಲ್ಲ ಅಂತು ಟಿವಿ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಚೆನ್ನಾಗಿಯೇ ಓಡಿಸುತ್ತಿತ್ತು. ಆರ್‌ಜಿಬಿ ಕೊಟ್ಟು ಬೇರೇನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಬಣ್ಣ ಒಂದಿಷ್ಟೂ ಕಳೆಯಬಾರದೆಂದು 4:4:4 ಬಗೆಯ ಎಚ್.264 ಮಾಡುತ್ತದೆ. ಟಿವಿಗಳ ಒಳಗಿನ ಚಿಪ್ಪುಗಳಿಗೆ ಸಾಮಾನ್ಯವಾಗಿ ಗೊತ್ತಿರುವುದು 4:2:0 ಮಾತ್ರ. ಪಿಕ್ಸ್ ಎಫ್‌ಎಂಟಿ ವೈಯುವಿ420ಪಿ ಎಂದು ಹೇಳಿಕೊಡಬೇಕು. 4:2:0 ಅಂದರೆ ಬೆಳಕು ಪ್ರತಿ ಪಿಕ್ಸೆಲ್ಲಿಗೂ ಬೇರೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದು. ಬೆಳ್ಳಿಗೆ ಬಣ್ಣವೇ ಇಲ್ಲದ್ದರಿಂದ ಬಳ್ಳಿಗೆ ಏನೂ ಆಗಲಿಲ್ಲ, ಒಂದೊಂದು ತಂತಿಯೂ ಹರಿತ. ಹೊಡೆತ ಬಿದ್ದದ್ದು ಅಂಚಿನ ಪಟ್ಟಿಗೆ. 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾದ ಗೋಡೆಯ ಹೆಂಚುಗಳ ನೀಲಿಯನ್ನು ನೆನಪಿಟ್ಟು ಸುತ್ತ ಒಂದು ಪಿಕ್ಸೆಲ್ಲಿನ ನೀಲಿ ಗೆರೆ ಎಳೆದಿದ್ದೆ. ಅದು ಕೆಸರು ನೀರಿನ ಬಣ್ಣಕ್ಕೆ ತಿರುಗಿತು. ಗೆರೆಯನ್ನು ನಾಲ್ಕು ಪಿಕ್ಸೆಲ್ ದಪ್ಪ ಮಾಡಿದ ಮೇಲೆ ನೀಲಿ ಮರಳಿತು.

ಮೇಲೆ 'ಬೀದರಿನ ಬಿದ್ರಿ' ಎಂಬ ಹೆಸರೂ ಬೇಕಿತ್ತು. ಅಕ್ಷರ ಬಿಡಿಸುವ ಫ್ರೀಟೈಪ್ ಒಂದರಿಂದಲೇ ಬರೆಸಿದರೆ ದಕಾರ, ಅರ್ಧಾಕ್ಷರದ ಗುರುತು, ರಕಾರ, ಗುಡಿಸು ಎಂದು ಬಿಡಿಬಿಡಿಯಾಗಿ ಬಂತು. ಒತ್ತಕ್ಷರ ಕೂಡಿಸುವುದು ಹಾರ್ಫ್‌ಬಜ್‌ನ ಕೆಲಸ. ಅದನ್ನು ಕಲಿಯುವ ತಾಳ್ಮೆ ಉಳಿದಿರಲಿಲ್ಲ. ಡಿಟಿಪಿಯಲ್ಲಿ ಹೆಸರು ಬರೆದು ಪಿಎನ್‌ಜಿ ಮಾಡಿ ಅಂಟಿಸಿದೆ. ಮುಗಿಯಿತು.

ಉಳಿದದ್ದು ಕಪ್ಪು. ಟಿವಿಯಲ್ಲಿ ನೋಡಿ ಚಾಚಾ, "ಇದು ಕಪ್ಪಲ್ಲ, ಬೂದಿ" ಅಂದರು. ವಿಡಿಯೋದಲ್ಲಿ ಕಪ್ಪು ಸೊನ್ನೆಯಿಂದ ಶುರುವಾಗುವುದಿಲ್ಲ, 16ರಿಂದ. ಬಿಳಿ 235ಕ್ಕೆ ಮುಗಿಯುತ್ತದೆ. ನಾನು ಜಾಣತನ ಮಾಡಲು ಹೋಗಿ ಸೊನ್ನೆಯಿಂದ 255ರ ತನಕದ ಪೂರ್ಣ ವ್ಯಾಪ್ತಿಯಲ್ಲಿ ಬರೆಸಿದೆ. ಟಿವಿ ಆ ಗುರುತನ್ನು ಓದಲೇ ಇಲ್ಲ. ಎಂದಿನಂತೆ 16ರ ಕೆಳಗಿನದ್ದೆಲ್ಲ ಕಪ್ಪು ಎಂದು ಬಳಿದುಬಿಟ್ಟಿತು. "ಈಗ ಕಪ್ಪು ಆತು. ಸುರಾಹಿ ಎಲ್ಲಿ ಹೋತು?" ಸುರಾಹಿಯ ಮೈಯ ಉಬ್ಬು ತೋರಿಸುವ ನೆರಳು 10ರಿಂದ 24ರ ನಡುವೆ ಇತ್ತು, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಮುಳುಗಿ ಹೋಗಿತ್ತು. ಮತ್ತೆ 16-235ಕ್ಕೇ ಮರಳಿ, ಕಪ್ಪನ್ನು 10ರಿಂದ 4ಕ್ಕೆ ಇಳಿಸಿ, ನೆರಳನ್ನು 18ಕ್ಕೆ ನಿಲ್ಲಿಸಿ, ಟಿವಿಯ ಚಿತ್ರದ ಸೆಟ್ಟಿಂಗನ್ನು ವಿವಿಡ್‌ನಿಂದ ಸ್ಟ್ಯಾಂಡರ್ಡ್‌ಗೆ ತಂದೆ. ಬಣ್ಣದ ಲೆಕ್ಕಕ್ಕೆ ಬಿಟಿ.709 ಎಂಬ ಗುರುತನ್ನೂ ಹಾಕಿಸಿದೆ, ಇಲ್ಲದಿದ್ದರೆ ನೀಲಿ ತುಸು ಬೇರೆಯಾಗುತ್ತಿತ್ತು.

ಕಪ್ಪು ಬಂತು. ಅದರ ಜೊತೆ ಪಟ್ಟಿಗಳೂ ಬಂದವು. 4ರಿಂದ 18 ಅಂದರೆ ಹದಿನಾಲ್ಕು ಮೆಟ್ಟಿಲು, ಟಿವಿಯ ವ್ಯಾಪ್ತಿಗೆ ಇಳಿಸಿದರೆ ಹನ್ನೆರಡು. ಸುರಾಹಿಯ ಮೈ 600 ಪಿಕ್ಸೆಲ್ ಅಗಲ. ಒಂದೊಂದು ಮೆಟ್ಟಿಲು 50 ಪಿಕ್ಸೆಲ್ಲಿನ ಪಟ್ಟಿಯಾಗಿ, ಸುರಾಹಿ ಈರುಳ್ಳಿಯ ಸಿಪ್ಪೆಯಂತೆ ಪದರ ಪದರ ಕಾಣುತ್ತಿತ್ತು. ಇದಕ್ಕೆ ಮದ್ದು ಗದ್ದಲ. ಬಣ್ಣದ ಲೆಕ್ಕ ಹಾಕುವ ಶೇಡರಿನ ಕೊನೆಯಲ್ಲಿ ಪ್ರತಿ ಪಿಕ್ಸೆಲ್ಲಿಗೂ ಅರ್ಧ ಮೆಟ್ಟಿಲಿನಷ್ಟು ಹೆಚ್ಚೋ ಕಡಿಮೆಯೋ ಬೆರೆಸಿದರೆ ಪಟ್ಟಿಯ ಅಂಚು ಪುಡಿಯಾಗಿ ಕಣ್ಣಿಗೆ ಸಿಗುವುದಿಲ್ಲ. ಆದರೆ ವಿಡಿಯೋ ಕುಗ್ಗಿಸುವ ಎಕ್ಸ್264 ಆ ಪುಡಿಯನ್ನು ಕಸವೆಂದು ಗುಡಿಸಿ ಎಸೆಯುತ್ತದೆ, ಪಟ್ಟಿ ಮತ್ತೆ ಹಾಜರ್. ಸಿಆರ್‌ಎಫ್ ಎಂಬ ಗುಣಮಟ್ಟದ ಅಂಕಿಯನ್ನು ಮೊದಲಿನ 23ರಿಂದ 16ಕ್ಕೆ ಇಳಿಸಿ (ಇಲ್ಲಿ ಇಳಿದಷ್ಟೂ ಒಳ್ಳೆಯದು), ಎಕ್ಯೂ ಮೋಡ್ 3 ಹಾಕಿದೆ. ಕತ್ತಲ ಜಾಗಗಳಿಗೆ ಹೆಚ್ಚು ಬಿಟ್‌ಗಳನ್ನು ಕೊಡುವ ರೀತಿ ಅದು. ಫೈಲು 60 ಎಂಬಿ ಆಯಿತು. ಆಗಲಿ.

ಇಷ್ಟಾದ ಮೇಲೆ ಚಾಚಾ ಕಾರ್ಖಾನೆಯ ಹುಡುಗರನ್ನೂ ಕೂಡಿಸಿಕೊಂಡು ಪೂರ್ತಿ ನೋಡಿದರು. ಮುಗಿದ ಮೇಲೆ ತುಸು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಎಲ್ಲಾ ಖರೆ. ಆದರ ಕಪ್ಪು ಕಡೀಗೆ ಬರ್ತದ ಬೇಟಾ."

ಕೈಯಲ್ಲಿದ್ದ ತಟ್ಟೆ ತೋರಿಸಿದರು. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ದದ್ದು ಬೂದು ಬಣ್ಣ. ಅದಕ್ಕೆ ಮೊದಲು ಮೈಲುತುತ್ತದ ನೀರು ಒರೆಸಿ ತಾತ್ಪೂರ್ತಿಕ ಕಪ್ಪು ಮಾಡುತ್ತಾರೆ, ಬಿಡಿಸಿದ ಗೆರೆ ಕಾಣಲಿ ಅಂತ. ಕೆತ್ತಿ, ಬೆಳ್ಳಿ ತಂತಿ ಕೂಡಿಸಿ, ಉಜ್ಜಿದರೆ ಆ ಕಪ್ಪು ಹೋಗುತ್ತದೆ. ಆಗ ಬೂದಿಯ ಮೇಲೆ ಬೆಳ್ಳಿ. ಕಷ್ಟಪಟ್ಟು ಕೂಡಿಸಿದ ಬಳ್ಳಿ ಕಂಡೂ ಕಾಣದಂತೆ ಇರುತ್ತದೆ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಕೂಡಿಸಿ ಕುದಿಸಿ, ಅದರಲ್ಲಿ ಅದ್ದಿ ತೆಗೆದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಯಾವುದು ಒಳ್ಳೆಯದು ಎಂದು ಚಾಚಾ ನಾಲಿಗೆಗೆ ಹಚ್ಚಿ ನೋಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ನೋಡಿದ್ದೂ ಪ್ರೋಗ್ರಾಮಿನಲ್ಲಿ ಮೊದಲ ಫ್ರೇಮಿನಿಂದಲೇ ಕಪ್ಪು ಬಳಿದಿದ್ದೆ. ಎರಡು ವಾರ ಕಪ್ಪಿನ ಹಿಂದೆ ಬಿದ್ದವನಿಗೆ ಕಪ್ಪಿನ ಸರದಿಯೇ ಗೊತ್ತಿರಲಿಲ್ಲ.

ಅಂಗಡಿಗೆ ಬಂದು ಹಿನ್ನೆಲೆಯ ಬಣ್ಣವನ್ನು ಕಾಲಕ್ಕೆ ಕಟ್ಟಿದೆ. ಮೊದಲ 45 ಸೆಕೆಂಡು ಮಾಸಲು ಕಪ್ಪು, ಬಳ್ಳಿ ಏರುವುದು ಅದರ ಮೇಲೆ. ಮುಂದಿನ 5 ಸೆಕೆಂಡಿನಲ್ಲಿ ಅದು ಬೂದಿಗೆ ತಿರುಗಿ ಬಳ್ಳಿ ಬಹುಪಾಲು ಮಾಯ. ಎರಡು ಸೆಕೆಂಡು ಹಾಗೇ ಬಿಟ್ಟೆ. ಆಮೇಲೆ ಬುಡದಿಂದ ನಿಜವಾದ ಕಪ್ಪು ಏರುತ್ತ, ಬೆಳ್ಳಿ ಒಂದೊಂದೇ ಎಲೆಯಾಗಿ ಎದ್ದು ಕಾಣುತ್ತದೆ. ಬೀಜ ಅದೇ 137, ಕವಲು ಅಲ್ಲೇ ಬಾಗಿತು. ಹೊಸ ರೆಕಾರ್ಡಿಂಗಿಗೆ 11 ನಿಮಿಷ. ಎಫ್‌ಎಫ್‌ಎಂಪೆಗ್ 1800 ಎಣಿಸಿತು.

ಟಿವಿಯ ಮುಂದೆ ಚಾಚಾ ಎರಡು ಸಲ ನೋಡಿದರು. ಬಳ್ಳಿ ಮಾಯವಾಗುವ ಜಾಗದಲ್ಲಿ ಹುಡುಗನೊಬ್ಬ "ಹೋತು" ಅಂದ, ಚಾಚಾ "ತಡಿ" ಅಂದರು. ಮೂರನೇ ಸಲ ಓಡುವಾಗ ನನ್ನ ಕಡೆ ತಿರುಗಿ, "ದನಿ ಎಲ್ಲದ?" ಅಂದರು.

ಕಾರ್ಖಾನೆಯಲ್ಲೇ ಫೋನ್ ಇಟ್ಟು ತಂತಿ ಬಡಿಯುವ ಸಣ್ಣ ಸುತ್ತಿಗೆಯ ಟಕ್ ಟಕ್ ಅನ್ನು ಒಂದೂಕಾಲು ನಿಮಿಷ ತುಂಬಿಕೊಂಡು ಬಂದೆ. ವಿಡಿಯೋವನ್ನು ಇದ್ದಂತೆ ಇಟ್ಟು, ದನಿಯನ್ನು ಎಎಸಿ ಮಾಡಿ, ಉದ್ದದಲ್ಲಿ ಕಡಿಮೆ ಇರುವುದಕ್ಕೆ ಕತ್ತರಿಸು ಎಂದು ಹೇಳಿ ಕೂಡಿಸಿದೆ. ನಡುವೆ ಗಲ್ಲಿಯಲ್ಲಿ ತರಕಾರಿ ಗಾಡಿಯವನ ಕೂಗು ಒಂದು ಸೇರಿದೆ. ಚಾಚಾ ಅದನ್ನು ತೆಗೆಯಬೇಡ ಅಂದರು.